ಎಮರ್ಸನ್ನನ ಓದುಗ ಥೋರೊ

ಸ್ವಂತ ಬುದ್ಧಿಯಿಂದ ನಡೆ ಎಂಬ ಉಪದೇಶದಲ್ಲೇ ಒಂದು ತೊಡಕಿದೆ: ಅದನ್ನು ಪಾಲಿಸಿದವನು ಉಪದೇಶ ಮಾಡಿದವನ ಹಿಂಬಾಲಕನಾಗಿಬಿಡುತ್ತಾನೆ. ಅಮೆರಿಕದ ಚಿಂತಕ ರಾಲ್ಫ್ ವಾಲ್ಡೊ ಎಮರ್ಸನ್ (1803–1882) ಮತ್ತು ಅವನ ಓದುಗ ಹೆನ್ರಿ ಡೇವಿಡ್ ಥೋರೊ (1817–1862) ಇವರ ಸಂಬಂಧದಲ್ಲಿ ಈ ತೊಡಕು ಕೊನೆಯವರೆಗೂ ಬಗೆಹರಿಯಲಿಲ್ಲ.

ಎಮರ್ಸನ್ ಬಾಸ್ಟನ್ನಿನ ಒಂದು ಚರ್ಚಿನ ಪಾದ್ರಿಯಾಗಿದ್ದ. ಪ್ರಭುಭೋಜನದ ವಿಧಿಯನ್ನು ಮನಸ್ಸೊಪ್ಪಿ ನಡೆಸಲಾರೆನೆಂದು 1832ರಲ್ಲಿ ಆ ಹುದ್ದೆ ಬಿಟ್ಟ. 1841ರಲ್ಲಿ ಪ್ರಕಟವಾದ ‘ಸೆಲ್ಫ್ ರಿಲಯನ್ಸ್’ ಪ್ರಬಂಧದ ಹಿಂದೆ ಈ ಅನುಭವವಿದೆ. ನಾಲ್ಕು ಜನ ಮೆಚ್ಚಲಿ ಎಂದು ಬದುಕುವವನು ತನ್ನೊಳಗಿನ ದನಿಯನ್ನು ಅಡಗಿಸುತ್ತಾನೆ, ನಿನ್ನೆ ಆಡಿದ ಮಾತಿಗೆ ಇಂದು ಜೋತುಬೀಳಬೇಕಾಗಿಲ್ಲ ಎಂಬುದು ಅದರ ವಾದ. ಆದರೆ ಇದು ಹಟದ ಸಮರ್ಥನೆಯಲ್ಲ. ಎಲ್ಲರ ಅಂತರಂಗದಲ್ಲೂ ಒಂದೇ ಪರಮಚೈತನ್ಯವಿದೆ ಎಂಬ ನಂಬಿಕೆ ಆ ವಾದದ ತಳಹದಿ. ಅದನ್ನು ಮರೆತು ಓದಿದರೆ ಪ್ರಬಂಧದಲ್ಲಿ ಸ್ವೇಚ್ಛೆಯಷ್ಟೇ ಕಾಣುತ್ತದೆ. ಎಳೆಯ ಓದುಗರು ಎಷ್ಟೋ ಸಲ ಹಾಗೆಯೇ ಓದುತ್ತಾರೆ.

ಥೋರೊ ಎಮರ್ಸನ್ನನ ‘ನೇಚರ್’ ಪುಸ್ತಕ ಓದಿದ್ದು 1837ರಲ್ಲಿ, ಹಾರ್ವರ್ಡ್‌ನ ಕೊನೆಯ ವರ್ಷದಲ್ಲಿ. ಅದೇ ವರ್ಷ ಕಾಂಕರ್ಡ್‌ನ ಶಾಲೆಗೆ ಮೇಷ್ಟ್ರಾಗಿ ಸೇರಿದ. ಮಕ್ಕಳಿಗೆ ಏಟು ಹಾಕುತ್ತಿಲ್ಲವೆಂದು ಶಾಲಾ ಸಮಿತಿಯವರು ಆಕ್ಷೇಪಿಸಿದಾಗ ಕೆಲವು ಮಕ್ಕಳನ್ನು ಹೊಡೆದು, ಕೂಡಲೇ ಕೆಲಸ ಬಿಟ್ಟ. ಪ್ರತಿಭಟನೆ ಅವನದು, ಪೆಟ್ಟು ತಿಂದವರು ಏನೂ ತಪ್ಪು ಮಾಡದ ಮಕ್ಕಳು. ಅವನ ಭಿನ್ನಮತ ಆಗಿನ್ನೂ ಹಣ್ಣಾಗಿರಲಿಲ್ಲ. ಅದಾಗಿ ಮೂರು ವರ್ಷದ ಆಸುಪಾಸಿನಲ್ಲಿ, ತಂದೆ ಹೋಗುತ್ತಿದ್ದ ಚರ್ಚಿನ ಪಾದ್ರಿಯ ಖರ್ಚಿಗೆ ತೆರಿಗೆ ಕೊಡೆಂದು ಕೇಳಿದಾಗ ಥೋರೊ ಒಪ್ಪಲಿಲ್ಲ. ತಾನಾಗಿ ಸೇರದ ಯಾವ ಸಂಘಕ್ಕೂ ತನ್ನನ್ನು ಸದಸ್ಯನೆಂದು ಎಣಿಸಬಾರದೆಂದು ಊರಿನ ಗುಮಾಸ್ತನಿಗೆ ಬರೆದುಕೊಟ್ಟ. 1846ರ ಜುಲೈನಲ್ಲಿ ತಲೆಗಂದಾಯ ಕೊಡದೆ ಒಂದು ರಾತ್ರಿ ಜೈಲಿನಲ್ಲಿದ್ದ. ಗುಲಾಮಗಿರಿಯನ್ನು ಪೋಷಿಸುವ ಸರಕಾರಕ್ಕೆ ಹಣ ಕೊಡಲಾರೆನೆಂಬುದು ಅವನ ನಿಲುವು. ಇಲ್ಲಿ ನೋವಿನ ಪಾಲು ಅವನೇ ಹೊತ್ತ. ಆಗ ಅವನಿದ್ದ ವಾಲ್ಡನ್ ಕೊಳದ ಗುಡಿಸಲು ಎಮರ್ಸನ್ನನ ಜಾಗದಲ್ಲಿತ್ತು. ಅದರಿಂದ ನಿಲುವಿನ ತೂಕ ಕಡಿಮೆಯಾಗುವುದಿಲ್ಲ. ಸ್ವತಂತ್ರ ಚಿಂತನೆಗೂ ಯಾರದೋ ಆಸರೆ ಬೇಕು.

ನಿರಾಶೆ ಇಬ್ಬರನ್ನೂ ಬಿಡಲಿಲ್ಲ. 1842ರ ಜನವರಿಯಲ್ಲಿ ಎಮರ್ಸನ್ನನ ಐದು ವರ್ಷದ ಮಗ ವಾಲ್ಡೊ ಜ್ವರದಿಂದ ತೀರಿಕೊಂಡ. 1844ರ ‘ಎಕ್ಸ್‌ಪೀರಿಯನ್ಸ್’ ಪ್ರಬಂಧದಲ್ಲಿ ಹಿಂದಿನ ನಿಶ್ಚಯದ ದನಿಯಿಲ್ಲ. ದುಃಖವೂ ತನಗೆ ಏನನ್ನೂ ಕಲಿಸಲಿಲ್ಲವೆಂಬ ಸಂಕಟ ಅಲ್ಲಿದೆ. ‘ಸೆಲ್ಫ್ ರಿಲಯನ್ಸ್’ ಓದಿದವರು ಇದನ್ನೂ ಓದಲೇಬೇಕು. ಥೋರೊ 1849ರಲ್ಲಿ ಮೊದಲ ಪುಸ್ತಕ ಪ್ರಕಟಿಸಿದ್ದು ತನ್ನದೇ ಹೊಣೆಯಲ್ಲಿ, ಎಮರ್ಸನ್ನನ ಪ್ರೋತ್ಸಾಹದಿಂದ. ಅಚ್ಚಾದ ಸಾವಿರ ಪ್ರತಿಗಳಲ್ಲಿ 706 ಪ್ರತಿಗಳು 1853ರಲ್ಲಿ ವಾಪಸು ಬಂದವು. ಅವನ್ನು ಬೆನ್ನ ಮೇಲೆ ಹೊತ್ತು ಮಾಳಿಗೆಗೆ ಸಾಗಿಸಿದ. ಅಚ್ಚಿನ ಸಾಲ ತೀರಿಸಲು ವರ್ಷಗಳು ಹಿಡಿದವು. ಅಷ್ಟರಲ್ಲಿ ಸ್ನೇಹವೂ ತಣ್ಣಗಾಗಿತ್ತು.

1862ರ ಮೇ ತಿಂಗಳಲ್ಲಿ ಥೋರೊ ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಮಾತಾಡಿದವನು ಎಮರ್ಸನ್. ಪ್ರೀತಿಯಿಂದಲೇ ಮಾತಾಡಿದ, ಜೊತೆಗೆ, ಇಷ್ಟು ಶಕ್ತಿಯಿದ್ದವನಿಗೆ ಮಹತ್ವಾಕಾಂಕ್ಷೆ ಇರಲಿಲ್ಲ, ದೇಶಕ್ಕೆ ದಾರಿ ತೋರಬಲ್ಲವನು ಹಣ್ಣು ಆಯುವ ಹುಡುಗರ ಮುಂದಾಳಾಗಿ ಉಳಿದ ಎಂದು ಕೊರಗಿದ. ಪರರ ನಿರೀಕ್ಷೆಗೆ ತಲೆಬಾಗಬೇಡ ಎಂದವನೇ ಇಲ್ಲಿ ತನ್ನ ನಿರೀಕ್ಷೆಯಿಂದ ಶಿಷ್ಯನನ್ನು ಅಳೆದ. ಆ ಮಾತುಗಳು ಅದೇ ವರ್ಷ ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ಅಚ್ಚಾದವು. ಬಹುಕಾಲ ಓದುಗರು ಥೋರೊವನ್ನು ಅವುಗಳ ಮೂಲಕವೇ ಕಂಡರು.