ಗಿಳಿಯ ಕೊಕ್ಕು

ಸಾಕಿದ ಪ್ರಾಣಿಗೆ ಮನುಷ್ಯನು ತೋರಿಸುವ ಆದರವನ್ನು ನಾವು ಸಾಮಾನ್ಯವಾಗಿ ದಯೆಯೆಂದು ಕರೆಯುತ್ತೇವೆ. ಈ ಹೆಸರು ಸರಿಯೇ ಎಂಬುದು ಇಲ್ಲಿಯ ಪ್ರಶ್ನೆ. ದಯೆಯು ಕೊಡುವವನ ಇಚ್ಛೆಗೆ ಸೇರಿದುದು. ಕೊಟ್ಟರೆ ಪುಣ್ಯ, ಕೊಡದಿದ್ದರೆ ಕೇಳುವವರಿಲ್ಲ. ಋಣವಾದರೋ ಹಾಗಲ್ಲ, ಸಾಲಗಾರನು ಮರೆತರೂ ಅದು ಬೆಳೆಯುತ್ತಲೇ ಇರುತ್ತದೆ. ಪಂಜರದ ಗಿಳಿಗೆ ನಾವು ಸಲ್ಲಿಸಬೇಕಾದುದು ಇವೆರಡರಲ್ಲಿ ಯಾವುದು? ಉತ್ತರಕ್ಕಾಗಿ ದೊಡ್ಡ ದೊಡ್ಡ ತತ್ತ್ವಗಳ ಬೆನ್ನು ಹತ್ತುವುದಕ್ಕಿಂತ ಆ ಹಕ್ಕಿಯ ಕೊಕ್ಕನ್ನೇ ಸ್ವಲ್ಪ ಹೊತ್ತು ನೋಡುವುದು ಲೇಸು.

ಗಿಳಿಯ ಕೊಕ್ಕು ಜಡವಾದ ಕೊಂಬಲ್ಲ. ಒಳಗೆ ಎಲುಬು, ಅದರ ಮೇಲೆ ರಕ್ತನಾಳಗಳೂ ನರಗಳೂ ಹರಿದಿರುವ ತೆಳುವಾದ ಪದರ, ಎಲ್ಲಕ್ಕೂ ಮೇಲೆ, ನಮ್ಮ ಉಗುರಿನಲ್ಲಿಯೂ ದನದ ಗೊರಸಿನಲ್ಲಿಯೂ ಇರುವ ಕೆರಾಟಿನ್ ಎಂಬ ವಸ್ತುವಿನ ಕವಚ. ಹಕ್ಕಿ ಬದುಕಿರುವಷ್ಟು ಕಾಲವೂ ಈ ಕವಚ ಬೆಳೆಯುತ್ತದೆ. ಮೇಲ್ಕೊಕ್ಕು ತಲೆಬುರುಡೆಗೆ ಕೀಲು ಹಾಕಿದಂತೆ ಕೂಡಿರುವುದರಿಂದ ಗಿಳಿಯು ಅದನ್ನು ಎತ್ತಿ ಇಳಿಸಬಲ್ಲುದು. ಕೊಂಬೆಯಿಂದ ಕೊಂಬೆಗೆ ಹತ್ತುವಾಗ ಅದೇ ಮೂರನೆಯ ಕಾಲು. ತೋಟದಲ್ಲಿ ಸ್ವಚ್ಛಂದವಾಗಿರುವ ಗಿಳಿ ತೊಗಟೆ ಸುಲಿದು, ಗಟ್ಟಿ ಕಾಯಿಗಳನ್ನು ಒಡೆದು, ಪೊಟರೆಯ ಬಾಯನ್ನು ಕೆತ್ತಿ, ಮೇಲ್ಕೊಕ್ಕನ್ನೂ ಕೆಳಕೊಕ್ಕನ್ನೂ ಒಂದಕ್ಕೊಂದು ಮಸೆದು ಬೆಳೆದಷ್ಟನ್ನೂ ಸವೆಸಿಬಿಡುತ್ತದೆ. ಅಲ್ಲಿ ಜಮೆಗೂ ಖರ್ಚಿಗೂ ಲೆಕ್ಕ ಸರಿಹೋಗುತ್ತದೆ. ನಾವಾದರೋ ಗಿಳಿಯನ್ನು ಪಂಜರಕ್ಕೆ ತಂದಾಗ ಬೆಳವಣಿಗೆಯನ್ನು ಮಾತ್ರ ತಂದೆವು. ಸವೆಸುವ ಮರವನ್ನು ಹೊರಗೇ ಬಿಟ್ಟೆವು.

ಋಣ ಹುಟ್ಟಿದುದು ಇಲ್ಲಿ. ಮಾಡಿನ ಮೇಲೆ ಕುಳಿತ ಕಾಗೆಯ ಕೊಕ್ಕು ಮುರಿದಿದ್ದರೆ ಅದಕ್ಕೆ ಒಂದು ಹಿಡಿ ಅನ್ನ ಹಾಕುವುದು ನಿಜವಾಗಿಯೂ ದಯೆ. ಏಕೆಂದರೆ ಕಾಗೆಯಿಂದ ನಾವು ಏನನ್ನೂ ಕಿತ್ತುಕೊಂಡಿಲ್ಲ. ಪಂಜರದ ಗಿಳಿಯ ವಿಷಯ ಬೇರೆ. "ಹಿಡಿದವನು ನಾನಲ್ಲ, ಅಜ್ಜನ ಕಾಲದಿಂದ ಇದೆ" ಎಂಬ ಸಮಾಧಾನವೂ ನಿಲ್ಲುವಂಥದಲ್ಲ. ಅಜ್ಜನ ಗದ್ದೆಯನ್ನು ಉಣ್ಣುವವನು ಅಜ್ಜನ ಸಾಲವನ್ನು ಒಲ್ಲೆನೆನ್ನಲಾದೀತೆ? ಪಂಜರದ ಬಾಗಿಲಿನ ಕೊಂಡಿ ಯಾರ ಕೈಯಲ್ಲಿದೆಯೋ ಹೊಣೆಯೂ ಅವರದೇ.

ನಮ್ಮನ್ನು ಮೋಸಗೊಳಿಸುವ ಸಂಗತಿಯೊಂದುಂಟು: ಗಿಳಿ ಮಾತನಾಡುತ್ತದೆ. ಬಾಣನ ಕಾದಂಬರಿಯಲ್ಲಿ, ಅದನ್ನು ಕನ್ನಡಿಸಿದ ನಾಗವರ್ಮನಲ್ಲಿಯೂ, ವೈಶಂಪಾಯನನೆಂಬ ಗಿಳಿಯು ಶೂದ್ರಕ ರಾಜನ ಆಸ್ಥಾನದಲ್ಲಿ ತನ್ನ ತಂದೆಯನ್ನು ಬೇಡನು ಕೊಂದುದನ್ನೂ ತಾನು ಮರದಿಂದ ಬಿದ್ದುದನ್ನೂ ತಾನೇ ಹೇಳಿಕೊಳ್ಳುತ್ತದೆ. ನೆರೆಯ ಮಲಯಾಳದ ಎಳುತ್ತಚ್ಛನ್ ರಾಮಾಯಣವನ್ನು ಗಿಳಿಯಿಂದಲೇ ಹಾಡಿಸಿದನು; ಕರ್ಕಾಟಕ ಮಾಸದಲ್ಲಿ ಅದರ ಪಾರಾಯಣವನ್ನು ಕಾಸರಗೋಡಿನ ನಮ್ಮ ಮಕ್ಕಳೂ ಕೇಳುತ್ತಾರೆ. ಇವೆಲ್ಲ ಕಾವ್ಯದ ಗಿಳಿಗಳು. ಜಗಲಿಯಲ್ಲಿ ತೂಗುವ ಗಿಳಿಯ ಬಾಯಲ್ಲಿರುವುದು ನಮ್ಮದೇ ಮಾತು. "ಊಟವಾಯಿತೆ" ಎಂದು ಅದು ಬಂದವರನ್ನೆಲ್ಲ ಕೇಳುತ್ತದೆ. ತನಗೆ ಉಣ್ಣಲಾಗುತ್ತಿಲ್ಲವೆಂಬುದನ್ನು ಹೇಳಲು ಅದಕ್ಕೆ ಪದವಿಲ್ಲ. ಜಾತ್ರೆಯ ಗಿಳಿಶಾಸ್ತ್ರದವನ ಪೆಟ್ಟಿಗೆಯ ಮುಂದೆ ಹಕ್ಕಿಯು ಕೊಕ್ಕಿನಿಂದ ಎತ್ತಿಕೊಟ್ಟ ಚೀಟಿಯನ್ನು ಜನರು ಕಣ್ಣರಳಿಸಿ ಓದುತ್ತಿದ್ದರು. ಎತ್ತಿಕೊಟ್ಟ ಕೊಕ್ಕನ್ನು ಓದಿದವರು ಎಷ್ಟು ಮಂದಿಯೋ!

ಪದವಿಲ್ಲದುದಷ್ಟೇ ಅಲ್ಲ, ಗಿಳಿಯು ಬೇನೆಯನ್ನು ಮುಚ್ಚಿಡುತ್ತದೆ. ಹಿಂಡಿನಲ್ಲಿ ಸೊರಗಿದ ಹಕ್ಕಿಯ ಮೇಲೆಯೇ ಗಿಡುಗನ ಕಣ್ಣು ಮೊದಲು ಬೀಳುವುದರಿಂದ, ಆಗುವಷ್ಟು ಕಾಲವೂ ಗಟ್ಟಿಯಾಗಿರುವಂತೆ ತೋರಿಸಿಕೊಳ್ಳುವುದು ಅದರ ಸ್ವಭಾವ. ರೆಕ್ಕೆ ಜೋಲಿಸಿ, ಗರಿ ಕೆದರಿ ಪಂಜರದ ತಳದಲ್ಲಿ ಕುಳಿತಾಗ ರೋಗ ಬಹುದೂರ ನಡೆದಿರುತ್ತದೆ. ಆದುದರಿಂದ, ದೂರು ಬಂದ ಮೇಲೆ ವಿಚಾರಿಸೋಣವೆಂಬ ನಮ್ಮ ಲೋಕದ ನ್ಯಾಯ ಇಲ್ಲಿ ಸಲ್ಲದು. ಕನ್ನಡದಲ್ಲಿ ನೋಡುವುದು ಬೇರೆ, ಕಾಣುವುದು ಬೇರೆ. ದಿನವೂ ನೋಡುವವನಿಗೆ ದಿನಕ್ಕೆ ಎಳ್ಳಷ್ಟರಂತೆ ಬೆಳೆಯುವ ಕೊಕ್ಕು ಕಾಣುವುದೇ ಇಲ್ಲ, ವರ್ಷಕ್ಕೊಮ್ಮೆ ಬರುವ ನೆಂಟನು ಹೊಸಿಲು ದಾಟುವಾಗಲೇ ಕಂಡು, "ಇದೇನು ಹೀಗಾಗಿದೆ?" ಎನ್ನುತ್ತಾನೆ. ಉಪಾಧ್ಯಾಯರಾದ ನಮಗೆ ಇದರ ಅನುಭವವುಂಟು. ಪದ್ಯವನ್ನೆಲ್ಲ ನಿರರ್ಗಳವಾಗಿ ಒಪ್ಪಿಸುವ ಹುಡುಗನಿಗೆ ಕರಿಹಲಗೆಯ ಅಕ್ಷರ ಕಾಣಿಸುತ್ತಿಲ್ಲವೆಂಬುದು ಎಷ್ಟೋ ಸಲ ವರ್ಷದ ಕೊನೆಗೆ ತಿಳಿಯುತ್ತದೆ. ಅವನ ಕಂಠಪಾಠವೇ ನಮ್ಮ ಕಣ್ಣಿಗೆ ಪರದೆಯಾಗಿರುತ್ತದೆ. ಗಿಳಿಪಾಠವೆಂದು ಅವನನ್ನು ಜರೆಯುವ ಮೊದಲು ಇದನ್ನೂ ಯೋಚಿಸಬೇಕು. ಇರಲಿ.

ಕಾಣಬೇಕಾದರೆ ಮೊದಲು ಸಹಜ ಯಾವುದೆಂದು ಗೊತ್ತಿರಬೇಕು. ನಮ್ಮ ಸೀಮೆಯ ಸಾಮಾನ್ಯ ಗಿಳಿಗೆ ಮೇಲ್ಕೊಕ್ಕು ಕೆಂಪು, ಕೆಳಕೊಕ್ಕು ಕಪ್ಪು. ಆ ಕಪ್ಪು ರೋಗವಲ್ಲ. ವಯನಾಡಿನ ಘಟ್ಟದಲ್ಲಿರುವ ನೀಲಿ ರೆಕ್ಕೆಯ ಗಿಳಿಯಲ್ಲಿ ಗಂಡಿನ ಮೇಲ್ಕೊಕ್ಕು ಕೆಂಪು, ಹೆಣ್ಣಿಗೆ ಕೊಕ್ಕೆಲ್ಲ ಕಪ್ಪು. ಮೇಲ್ಕೊಕ್ಕಿನ ತುದಿ ಬಾಗಿ ಉದ್ದವಾಗಿರುವುದೂ, ಹೊರಪದರದಿಂದ ಆಗಾಗ ಸಣ್ಣ ಚಕ್ಕೆ ಉದುರುವುದೂ, ನಿದ್ದೆ ಹತ್ತುವಾಗ ಕರಕರನೆ ಮಸೆಯುವ ಸದ್ದೂ ಸಹಜವೇ. ತುದಿಯು ಕುತ್ತಿಗೆಯತ್ತ ಚಾಚಿದರೆ, ಮೇಲಿನದೂ ಕೆಳಗಿನದೂ ಕತ್ತರಿಯಂತೆ ಪಕ್ಕಕ್ಕೆ ಸರಿದರೆ, ಹೊಳಪು ಹೋಗಿ ಕುಳಿಬಿದ್ದರೆ, ಬಿರುಕು ಕಂಡರೆ, ಹೆಪ್ಪುಗಟ್ಟಿದ ರಕ್ತದಂಥ ಕಲೆ ಮೂಡಿದರೆ, ಮೂಗಿನ ಹೊಳ್ಳೆಯ ಸುತ್ತ ಬೂದುಬಣ್ಣದ ಹಕ್ಕಳೆ ಕಟ್ಟಿದರೆ ಸುಮ್ಮನಿರಲಾಗದು. ಇದಕ್ಕೂ ಮುಂಚಿನ ಸೂಚನೆ ತಟ್ಟೆಯಲ್ಲಿರುತ್ತದೆ: ಗಟ್ಟಿ ಕಾಳು ಹಾಗೆಯೇ ಉಳಿದು ಬಾಳೆಹಣ್ಣು ಮಾತ್ರ ಖರ್ಚಾಗುತ್ತದೆ. ತಿಂಗಳಿಗೊಮ್ಮೆ ಒಂದೇ ಬದಿಯಿಂದ ತೆಗೆದ ಛಾಯಾಚಿತ್ರ, ವಾರಕ್ಕೊಮ್ಮೆ ತಕ್ಕಡಿಯ ತೂಕ — ಇವೆರಡಿದ್ದರೆ ಅಭ್ಯಾಸದಿಂದ ಮಂಜಾದ ಕಣ್ಣಿಗೆ ನೆಂಟನ ಕಣ್ಣು ಬಂದಂತಾಗುತ್ತದೆ. ಚಿತ್ರ ಬರೆಯುವ ವಿದ್ಯಾರ್ಥಿಗೆ ಛಾಯಾಚಿತ್ರವೂ ಬೇಡ, ಪೆನ್ಸಿಲು ಸಾಕು.

ಕಂಡ ಮೇಲೆ ಏನು? ಹೆಚ್ಚಿನವರು ಕೈಹಾಕುವುದು ಉಗುರುಕತ್ತರಿಗೆ. ಉದ್ದವಾದುದನ್ನು ಕತ್ತರಿಸಿದರೆ ಆಯಿತೆಂಬ ತರ್ಕ ಸುಲಭವಾಗಿದೆ, ಆದರೆ ತಪ್ಪಾಗಿದೆ. ಉದ್ದವಾದ ಕೊಕ್ಕಿನೊಳಗೆ ರಕ್ತನಾಳವೂ ಉದ್ದವಾಗಿ ಬಂದಿರಬಹುದು. ಸುಮಾರು 120 ಗ್ರಾಂ ತೂಗುವ ಗಿಳಿಯ ಮೈಯಲ್ಲಿರುವ ರಕ್ತವೆಲ್ಲ ಎರಡು ಮೂರು ಚಹಾ ಚಮಚದಷ್ಟು; ನಮಗೆ ನಾಲ್ಕು ಹನಿಯೆನಿಸುವುದು ಅದಕ್ಕೆ ದೊಡ್ಡ ನಷ್ಟ. ರಕ್ತ ಬಂದಿದ್ದರೆ ಶುದ್ಧವಾದ ಬಟ್ಟೆಯಿಂದ ತುದಿಯನ್ನು ಮೆಲ್ಲನೆ ಅದುಮಿ ಹಿಡಿದು, ಹಕ್ಕಿಯನ್ನು ಬೆಚ್ಚಗಿನ ಮಬ್ಬುಗತ್ತಲಲ್ಲಿಟ್ಟು, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಇದಕ್ಕಿಂತ ಹಿರಿದಾದ ಆಕ್ಷೇಪವೂ ಉಂಟು. ಕೊಕ್ಕು ಮಿತಿಮೀರಿ ಬೆಳೆಯುವುದಕ್ಕೆ ಮರ ಸಿಗದುದೊಂದೇ ಕಾರಣವಲ್ಲ. ಬಹಳ ಸಲ ಬೇನೆ ಇರುವುದು ಯಕೃತ್ತಿನಲ್ಲಿ. ಸೂರ್ಯಕಾಂತಿ ಬೀಜ, ನೆಲಗಡಲೆ ಇಂಥವನ್ನೇ ತಿಂದು ಕೊಬ್ಬು ಕಟ್ಟಿಕೊಂಡ ಯಕೃತ್ತು ಕೊಕ್ಕಿನಲ್ಲಿ ತನ್ನ ದೂರನ್ನು ಬರೆಯುತ್ತದೆ. ಎ ಜೀವಸತ್ತ್ವದ ಕೊರತೆ, ಬಿದ್ದ ಪೆಟ್ಟು, ಕಣ್ಣಿಗೆ ಕಾಣದ ನುಸಿ (ಅಂಗಡಿಯವರು ಲವ್‌ಬರ್ಡ್ಸ್ ಎಂದು ಮಾರುವ ಆಸ್ಟ್ರೇಲಿಯ ಮೂಲದ ಬಜರಿಗರ್ ಹಕ್ಕಿಗಳಲ್ಲಿ ಇದು ಹೆಚ್ಚು), ಕೊಕ್ಕನ್ನೂ ಗರಿಯನ್ನೂ ಕೆಡಿಸುವ ವೈರಸ್ — ಇವೂ ಕಾರಣಗಳಾಗಬಹುದು. ಕತ್ತರಿಯಿಂದ ಹೋಗುವುದು ಬರಹ ಮಾತ್ರ. ದೂರು ಒಳಗೇ ಉಳಿಯುತ್ತದೆ. ನೋಡಲು ಚೆಂದವಾಯಿತೆಂದು ನಾವು ನೆಮ್ಮದಿಯಿಂದ ಮಲಗುತ್ತೇವೆ. ಆ ನೆಮ್ಮದಿಯನ್ನು ನಾನು ಕ್ರೌರ್ಯದ ಸಭ್ಯ ರೂಪವೆಂದೇ ಎಣಿಸುತ್ತೇನೆ.

ಸಾಲದ ಕಂತು ತೀರುವುದು ದಿನನಿತ್ಯದ ಸಣ್ಣ ಕೆಲಸಗಳಲ್ಲಿ: ನುಗ್ಗೆಸೊಪ್ಪು, ಕ್ಯಾರೆಟ್, ಸಿಹಿಗುಂಬಳ, ಪಪ್ಪಾಯಿ, ಕಡೆಯಲು ತೊಗಟೆಸಹಿತವಾದ ಪೇರಳೆಯ ಕೊಂಬೆ, ನುಣುಪಾದ ಒಂದೇ ದಪ್ಪದ ಕೋಲಿಗೆ ಬದಲಾಗಿ ಬೇರೆ ಬೇರೆ ದಪ್ಪದ ಕೋಲುಗಳು.

ಇನ್ನುಳಿದುದು ಎಲ್ಲಕ್ಕಿಂತ ಕಠಿನವಾದ ಸಂದರ್ಭ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಕಾಯಿದೆ ನ್ಯಾಯವಾದುದೇ. ಆದರೆ ಪಂಜರದಲ್ಲಿ ಈಗಾಗಲೇ ಇರುವ ಗಿಳಿಯ ಕೊಕ್ಕು ಸೊಟ್ಟಗಾದಾಗ, ವೈದ್ಯರಲ್ಲಿಗೆ ಒಯ್ದರೆ ಗುಟ್ಟು ಬಯಲಾದೀತೆಂದು ಮನೆಯವರು ಹೆದರುತ್ತಾರೆ. ಕೆಲವರು ಹೆದರಿ ಸುಮ್ಮನಿರುತ್ತಾರೆ. ಕೆಲವರು ಒಂದು ಮುಂಜಾನೆ ಬಾಗಿಲು ತೆರೆದು, "ಸ್ವಾತಂತ್ರ್ಯ ಕೊಟ್ಟೆವು" ಎನ್ನುತ್ತಾರೆ. ಕಾಯಿ ಒಡೆಯಲಾರದ, ಕೊಂಬೆ ಹಿಡಿದು ಹತ್ತಲಾರದ ಹಕ್ಕಿಗೆ ಆ ಸ್ವಾತಂತ್ರ್ಯವು ಹಸಿವೆಯ ಇನ್ನೊಂದು ಹೆಸರು. ಅದಕ್ಕಿರುವುದು ಅಂಟುರೋಗವಾದರೆ ಹಿಂಡಿಗೂ ಕೇಡು. ದಂಡದ ಭಯ ನಮ್ಮದು, ಕೊಕ್ಕು ಅದರದು. ನಮ್ಮ ಭಯದ ಬೆಲೆಯನ್ನು ಅದರಿಂದ ತೆರಿಸುವುದು ಯಾವ ನ್ಯಾಯ? ಅರಣ್ಯ ಇಲಾಖೆಯವರಿಗೆ ತಿಳಿಸಿ, ಹಕ್ಕಿಯನ್ನು ಅವರ ಕೈಗೊಪ್ಪಿಸಿ, ಬಂದುದನ್ನು ಎದುರಿಸುವುದೇ ನೇರವಾದ ದಾರಿಯೆಂದು ನನ್ನ ಅಭಿಪ್ರಾಯ. ಅದು ಸುಲಭವೆಂದು ಹೇಳಲಾರೆ. ವರ್ಷಗಳಿಂದ ಮನೆಯವರ ಹೆಸರು ಹಿಡಿದು ಕೂಗುತ್ತಿದ್ದ ಹಕ್ಕಿಯನ್ನು ಕೈಯಾರೆ ಕೊಟ್ಟು, ಬರಿದಾದ ಜಗಲಿಗೆ ಮರಳಬೇಕು.

ಸಾಕಲು ಅಡ್ಡಿಯಿಲ್ಲದ ಪರದೇಶದ ಹಕ್ಕಿಯಾದರೆ ಹೊಣೆ ಮನೆಯಲ್ಲೇ ಉಳಿಯುತ್ತದೆ. ಒಮ್ಮೆ ಬುಡದಲ್ಲಿ ಕೆಟ್ಟ ಕೊಕ್ಕು ಎಷ್ಟೋ ಸಲ ಪೂರ್ತಿ ನೇರವಾಗದು. ಕೆಲವು ವಾರಗಳಿಗೊಮ್ಮೆ ತಿಳಿದವರ ಕೈಯಿಂದ ಅರ ಹಾಕಿಸಬೇಕು. ದಿನವೂ ಮೆತ್ತಗಿನದನ್ನು ಬೇಯಿಸಿ ಕೊಡಬೇಕು. ದೊಡ್ಡ ಜಾತಿಯ ಗಿಳಿಗಳು 20 ವರ್ಷಕ್ಕೂ ಮಿಕ್ಕಿ ಬದುಕುವುದರಿಂದ, ಇಂದು ಅದನ್ನು ತನಗೇ ಬೇಕೆಂದು ಹಟಹಿಡಿದ ಹತ್ತು ವರ್ಷದ ಹುಡುಗ ಮೂವತ್ತರ ಗೃಹಸ್ಥನಾಗಿ ಬೇರೆ ಊರಿನಲ್ಲಿ ಉದ್ಯೋಗದಲ್ಲಿರುವಾಗಲೂ ಇಲ್ಲಿ ಯಾರಾದರೊಬ್ಬರು ಬೆಳಗ್ಗೆ ಎದ್ದು ಸಿಹಿಗುಂಬಳ ಬೇಯಿಸುತ್ತಿರಬೇಕಾಗುತ್ತದೆ. ಅವರು ಯಾರೆಂಬುದನ್ನು ಹಕ್ಕಿ ಮನೆಗೆ ಬರುವ ಮೊದಲೇ ಮನೆಯವರೆಲ್ಲ ಕುಳಿತು ಮಾತನಾಡಿಕೊಳ್ಳಬೇಕು.