ಮಿಕ್ಸಿಯೊಳಗೆ ಕೂತು ಊರಿಗೆ ಹೋದದ್ದು

ಯುಗಾದಿಗೆ ಊರಿಗೆ ಹೊರಟಾಗ ನಮ್ಮ ಹಳೆಯ ಮಿಕ್ಸಿಯನ್ನು ಅವ್ವನಿಗೆ ಕೊಡೋಣವೆಂದು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ದಾಸರಹಳ್ಳಿಯಲ್ಲಿ ಬಸ್ಸು ಹತ್ತಿ, ಶಿರಾದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಪಟ್ಟನಾಯಕನಹಳ್ಳಿ ಮುಟ್ಟುವವರೆಗೂ ಆ ಚೀಲ ನನ್ನ ತೊಡೆಯ ಮೇಲೇ ಇತ್ತು. ಹೊಸದನ್ನು ನಾವು ಇಟ್ಟುಕೊಂಡು ಹಳೆಯದನ್ನು ಅವ್ವನಿಗೆ ಕೊಡುತ್ತಿದ್ದೇನಲ್ಲ ಎಂಬ ಸಂಕೋಚ ಬಿಟ್ಟರೆ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಮೇ ಕೊನೆಯಲ್ಲಿ ಅವ್ವನ ಫೋನು ಬಂತು. "ಅಡಿಗೆಮನೇಲಿ ಯಾವ್ದೋ ಸಣ್ಣ ಜೊಂಡಿಗ ಸೇರ್ಕೊಂಡವೆ ಕಣವ್ವ. ನಮ್ಮ ಬಚ್ಚಲಲ್ಲಿ ಬರ್ತಾವಲ್ಲ, ಆ ಜಾತಿ ಅಲ್ಲ. ಮಿಕ್ಸಿ ಎತ್ತಿದ್ರೆ ಕೆಳಗಿಂದ ಪುಳಪುಳ ಅಂತ ಬಂದ್ವು. ನಿಮ್ಮನೇಲಿ ಅವಾ?"

ಇದ್ದವು. ಡಿಸೆಂಬರಿನಿಂದಲೇ ಇದ್ದವು. ರಾತ್ರಿ ನೀರು ಕುಡಿಯಲು ಎದ್ದು ಲೈಟು ಹಾಕಿದರೆ ಸಿಂಕಿನ ಅಂಚಿನಿಂದ, ಟ್ರಾಲಿಯ ಸಂದಿನಿಂದ ಚದುರಿ ಓಡುತ್ತಿದ್ದವು. ಗಂಡನಿಗೂ ನನಗೂ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಎದುರು ಮನೆಯ ಆಂಟಿ ಸಕ್ಕರೆ ಕೇಳಿಕೊಂಡು ಬಂದರೆ ನಾನೇ ಡಬ್ಬಿ ಎತ್ತಿಕೊಂಡು ಬಾಗಿಲಿಗೆ ಹೋಗುತ್ತಿದ್ದೆ, ಅವರು ಅಡಿಗೆಮನೆಯವರೆಗೆ ಬಾರದಿರಲಿ ಅಂತ. ಅದಕ್ಕಿಂತ ದೊಡ್ಡ ತಪ್ಪನ್ನೂ ಮಾಡಿದ್ದೆ. ಫೆಬ್ರವರಿಯಲ್ಲಿ ಮಗನಿಗೆ ರಾತ್ರಿ ಹೊತ್ತು ಎದೆ ಗೊರಗುಟ್ಟಿ ಉಸಿರು ಕಟ್ಟುವುದು ಶುರುವಾಗಿ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಅವರು ಧೂಳು, ನಾಯಿ, ಬೆಕ್ಕು, ಅಗರಬತ್ತಿ ಎಲ್ಲ ಕೇಳಿ, "ಜಿರಲೆ ಇದ್ದಾವಾ?" ಎಂದೂ ಕೇಳಿದರು. "ಇಲ್ಲ ಡಾಕ್ಟ್ರೇ" ಎಂದೆ.

ಆ ಪ್ರಶ್ನೆಗೆ ಬಲವಾದ ಕಾರಣವಿದೆ ಎಂದು ತಿಳಿದದ್ದು ಆಮೇಲೆ. ಜಿರಲೆಯ ಹಿಕ್ಕೆ, ಜೊಲ್ಲು, ಕಳಚಿದ ಚರ್ಮ ಒಣಗಿ ಪುಡಿಯಾಗಿ ಮನೆಯ ಧೂಳಿನಲ್ಲಿ ಬೆರೆಯುತ್ತವೆ. ಆಸ್ತಮಾದ ಒಲವಿರುವ ಮಗುವಿಗೆ ಆ ಧೂಳೇ ಸಾಕು. 1997ರಲ್ಲಿ ಅಮೆರಿಕದ ಎಂಟು ನಗರಗಳ ಬಡ ಬಡಾವಣೆಗಳ ಆಸ್ತಮಾ ಮಕ್ಕಳನ್ನು ಕುರಿತ ಅಧ್ಯಯನವೊಂದು ಪ್ರಕಟವಾಯಿತು. ಜಿರಲೆಯ ಅಲರ್ಜಿ ಇದ್ದು, ಮಲಗುವ ಕೋಣೆಯಲ್ಲೂ ಅದರ ಅಂಶ ಹೆಚ್ಚಿದ್ದ ಮಕ್ಕಳು ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಬಾರಿ ಆಸ್ಪತ್ರೆ ಸೇರಿದ್ದರು. ಅದನ್ನು ಓದಿದ ರಾತ್ರಿ ಮಗನ ಪಕ್ಕದಲ್ಲಿ ಮಲಗಿ ಅವನ ಉಸಿರನ್ನೇ ಕೇಳುತ್ತಿದ್ದೆ.

ಸುಳ್ಳು ಯಾಕೆ ಹೇಳಿದೆ? ಜಿರಲೆ ಎಂದರೆ ಗಲೀಜು, ಗಲೀಜು ಎಂದರೆ ಆ ಮನೆಯ ಹೆಂಗಸಿನ ಸೋಮಾರಿತನ ಎಂದು ಕೇಳುತ್ತಲೇ ಬೆಳೆದವಳು ನಾನು. ದಿನಕ್ಕೆರಡು ಸಲ ಒಲೆ ಒರೆಸುವ, ರಾತ್ರಿ ಪಾತ್ರೆ ಉಳಿಸದ ಮನೆಗೂ ಅವು ಬರುತ್ತವೆ ಎನ್ನುವುದು ನನ್ನ ಮನೆಯಲ್ಲೇ ಕಣ್ಣಿಗೆ ಕಂಡರೂ ಒಪ್ಪಿಕೊಳ್ಳಲು ಆಗಿರಲಿಲ್ಲ.

ಅವ್ವ ಹೇಳಿದ್ದು ಸರಿ, ಇವು ಬೇರೆ ಜಾತಿ. ಊರಿನ ಬಚ್ಚಲಲ್ಲಿ, ಮೋರಿಯಲ್ಲಿ ಕಾಣುವ ಕೆಂಪು ಕಂದಿನ ಹೆಬ್ಬೆರಳಷ್ಟು ದೊಡ್ಡ ಜೊಂಡಿಗ ಒಂದು ಬಗೆ. ಅದು ಹೊರಗಿನ ತೇವದಲ್ಲೂ ಬದುಕುತ್ತದೆ, ಒಮ್ಮೊಮ್ಮೆ ಹಾರಿಯೂ ಬರುತ್ತದೆ. ಅಡಿಗೆಮನೆಯ ಸಣ್ಣದು ಒಂದೂವರೆ ಸೆಂಟಿಮೀಟರಿನದು, ಗೋಧಿ ಬಣ್ಣ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ರೆಕ್ಕೆ ಇದ್ದರೂ ಹಾರುವುದಿಲ್ಲ. ಹೆಣ್ಣು ಮೊಟ್ಟೆಯ ಚೀಲವನ್ನು ಮರಿ ಒಡೆಯುವ ಹೊತ್ತಿನವರೆಗೂ ಹಿಂಬದಿಗೆ ಅಂಟಿಸಿಕೊಂಡೇ ಓಡಾಡುತ್ತದೆ. ಒಂದು ಚೀಲದಲ್ಲಿ ಮೂವತ್ತರಿಂದ ನಲವತ್ತು ಮರಿ. ಎರಡು ಮೂರು ತಿಂಗಳಲ್ಲಿ ಆ ಮರಿಗಳೇ ತಾಯಿಗಳು. ಮಿಕ್ಸಿಯ ಮೋಟರಿನ ಬೆಚ್ಚಗಿನ ಗೂಡಿನಲ್ಲಿ ಅಂಥ ಒಂದು ತಾಯಿ ಇದ್ದರೂ ಯುಗಾದಿಯಿಂದ ಮೇ ಕೊನೆಗೆ ಅವ್ವನ ಕಟ್ಟೆ ತುಂಬಲು ಸಾಕು.

ಇದರ ಹೆಸರು ಜರ್ಮನ್ ಜಿರಲೆ. ಜೀವವಿಜ್ಞಾನಿ ಲಿನೇಯಸ್ 1767ರಲ್ಲಿ ಕೊಟ್ಟ ಹೆಸರು. ಆದರೆ ಯುರೋಪಿನಲ್ಲಿ ಇದನ್ನು ತಮ್ಮದು ಎಂದು ಯಾರೂ ಒಪ್ಪಿಕೊಂಡಿಲ್ಲ. ರಷ್ಯದವರು ಇದನ್ನು ಪ್ರಷ್ಯದವನು ಎಂದು ಕರೆದರು, ಜರ್ಮನಿಯ ಕೆಲವು ಕಡೆ ಇದು ರಷ್ಯದವನು. ನಾನು ಎದುರು ಮನೆಯ ಆಂಟಿಯಿಂದ ಮುಚ್ಚಿಟ್ಟ ನಾಚಿಕೆಯನ್ನೇ ದೇಶ ದೇಶಗಳು ಪಕ್ಕದವರ ಹೆಸರಿಗೆ ಬರೆದಿದ್ದವು. 2024ರಲ್ಲಿ ಹದಿನೇಳು ದೇಶಗಳ 281 ಜಿರಲೆಗಳ ವಂಶವಾಹಿಯನ್ನು ಹೋಲಿಸಿ ನೋಡಿದ ವಿಜ್ಞಾನಿಗಳು ಬೇರೆಯೇ ತವರನ್ನು ತೋರಿಸಿದರು. ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್‌ನಲ್ಲಿ, ಹೊಲಗದ್ದೆಯ ಜಿರಲೆಯೊಂದು ಮನುಷ್ಯರ ಮನೆಗೆ ಒಗ್ಗಿಕೊಂಡು ಈ ಜಾತಿಯಾಯಿತಂತೆ. ಅಲ್ಲಿಂದ ವ್ಯಾಪಾರಿಗಳ, ಸೈನಿಕರ ಗಂಟುಮೂಟೆಯಲ್ಲಿ, ಹಡಗಿನಲ್ಲಿ ಲೋಕವೆಲ್ಲ ಸುತ್ತಿತು. ಇದಕ್ಕೆ ಈಗ ಕಾಡಿಲ್ಲ, ಹೊಲವಿಲ್ಲ. ಮನುಷ್ಯರಿರುವ ಕಡೆ ಮಾತ್ರ ಇರುತ್ತದೆ. ಮನೆಯಿಂದ ಮನೆಗೆ ದೂರ ಹೋಗಬೇಕಾದರೆ ನಾವೇ ಹೊರಬೇಕು. ಪಟ್ಟನಾಯಕನಹಳ್ಳಿಗೆ ನಾನು ಹೊತ್ತೆ.

ಅಲ್ಲಿ ಅದಕ್ಕೆ ಜಾಗವೂ ತಯಾರಾಗಿತ್ತು. ನಾನು ಹುಟ್ಟಿದ ಮಣ್ಣಿನ ಮಾಳಿಗೆ ಮನೆಯಲ್ಲಿ ಸೌದೆ ಒಲೆ, ಸಾರಿಸಿದ ನೆಲ, ನೀರು ಗುಡಾಣದಲ್ಲಿ. ಈಗಿನ ಮನೆಯಲ್ಲಿ ಟೈಲ್ಸಿನ ಕಟ್ಟೆ, ಸಿಂಕು, ಗೋಡೆಯೊಳಗೆ ಪೈಪು, ರಾತ್ರಿಯಿಡೀ ಬೆಚ್ಚಗಿರುವ ಫ್ರಿಜ್ಜಿನ ಮೋಟರು. ಈ ಜಿರಲೆ ಹಸಿವನ್ನು ವಾರಗಟ್ಟಲೆ ತಡೆಯುತ್ತದೆ, ನೀರಿಲ್ಲದೆ ಎರಡು ವಾರ ಕಳೆಯುವುದು ಅದಕ್ಕೆ ಕಷ್ಟ. ಬಿಸಿ ಜಾಗ, ಒಂದು ತೊಟ್ಟು ನೀರು, ಒಂದು ಸಂದು ಇದ್ದರೆ ಪಟ್ಟಣವೋ ಹಳ್ಳಿಯೋ ಅದಕ್ಕೆ ಒಂದೇ.

"ಇದಾವೆ ಅವ್ವ" ಎಂದೆ ಕೊನೆಗೆ. ಅವ್ವ ಬೈಯಲಿಲ್ಲ. "ಮೊದ್ಲೇ ಹೇಳಿದ್ರೆ ಮಿಕ್ಸಿನ ಒಳಿಕ್ ತರೋಕೂ ಮುಂಚೆ ಬಿಸಿಲಿಗೆ ಇಕ್ತಿದ್ದೆ" ಎಂದಳು, ಅಷ್ಟೇ. ಮಧ್ಯಾಹ್ನದೊಳಗೆ ಅಕ್ಕಪಕ್ಕದ ಮೂರು ಮನೆಗೂ ಸುದ್ದಿ ಮುಟ್ಟಿಸಿದ್ದಳು: ನಮ್ಮನೇಲಿ ಈ ತರದ್ದು ಬಂದೈತೆ, ನಿಮ್ಮ ಸಾಮಾನೂ ಎತ್ತಿ ನೋಡ್ಕಳಿ ಅಂತ. ನಾನು ಆರು ತಿಂಗಳು ಒಂದೇ ಗೋಡೆಯ ಆಚೆಗೆ ಹೇಳಲಾಗದ್ದನ್ನು ಅವ್ವ ಅರ್ಧ ದಿನದಲ್ಲಿ ಕೇರಿಗೆಲ್ಲ ಹೇಳಿ ಮುಗಿಸಿದಳು. ಮಾರನೆಯ ದಿನ ಮಿಕ್ಸಿಯ ತಳ ಬಿಚ್ಚಿಸಿ, ಡಬ್ಬಿ, ಸ್ಟ್ಯಾಂಡು, ಮಣೆ ಎಲ್ಲವನ್ನೂ ಅಂಗಳದ ಉರಿಬಿಸಿಲಿಗೆ ಹರವಿದಳು. ಹೊರಬಿದ್ದವನ್ನು ಕೋಳಿಗಳು ಹೆಕ್ಕಿಕೊಂಡವಂತೆ.

ನಮ್ಮ ಕಟ್ಟಡದಲ್ಲಿ ಅಂಗಳವಿಲ್ಲ, ಕೋಳಿಯಿಲ್ಲ. ನಾಲ್ಕು ಮಹಡಿ, ಎಂಟು ಮನೆ, ಎಲ್ಲ ಅಡಿಗೆಮನೆಗಳ ಪೈಪೂ ಒಂದೇ ಡಕ್ಟಿಗೆ. ನಾನು ಸ್ಪ್ರೇ ತಂದು ಹೊಡೆದೆ, ಮುಗಿದಾಗ ಇನ್ನೊಂದು ತಂದೆ. ಎದುರಿಗೆ ಸಿಕ್ಕಿದವು ಸತ್ತವು, ಉಳಿದವು ವಾಸನೆಗೆ ಹೆದರಿ ಪೈಪಿನ ಸಂದಿನಿಂದ ಪಕ್ಕದ ಮನೆಗೆ ಹೋದವು. ಪಕ್ಕದವರು ಹೊಡೆದಾಗ ನಮ್ಮಲ್ಲಿಗೆ ವಾಪಸು ಬಂದವು. ಸಾಯದೆ ಉಳಿದವುಗಳ ಮರಿಗಳಿಗೆ ಆ ಔಷಧಿ ನಾಟುವುದೂ ಕಡಿಮೆ. ಒಂದು ಬಗೆಯ ವಿಷಕ್ಕೆ ಒಗ್ಗಿದ ಈ ಜಿರಲೆಗಳು ತಾವು ಕಾಣದ ಬೇರೆ ಬಗೆಯ ವಿಷಗಳನ್ನೂ ತಾಳಿಕೊಳ್ಳಬಲ್ಲವು ಎಂದು 2019ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಸ್ಪ್ರೇಯ ಡಬ್ಬಿಗೆ ಸುರಿದ ದುಡ್ಡಿಗಿಂತ, ಮಗನ ಕೋಣೆಯ ಗಾಳಿಗೂ ಅದನ್ನು ಬೆರೆಸಿದೆನಲ್ಲ ಎಂಬುದೇ ಇವತ್ತಿಗೂ ಚುಚ್ಚುತ್ತದೆ.

ಅವ್ವನ ಫೋನು ಬಂದ ವಾರ ನಾನು ಎದುರು ಮನೆಯ ಬಾಗಿಲು ತಟ್ಟಿದೆ. "ಆಂಟಿ, ನಮ್ಮನೇಲಿ ಜಿರಲೆ ಆಗಿದಾವೆ" ಎಂದೆ. ಆಂಟಿ ಒಂದು ಕ್ಷಣ ನನ್ನ ಮುಖ ನೋಡಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ತಮ್ಮ ಸಿಂಕಿನ ಕೆಳಗಿನ ಬಾಗಿಲು ತೆರೆದು ತೋರಿಸಿದರು. ನಾವಿಬ್ಬರೂ ಮೇಲೆ ಕೆಳಗೆ ಓಡಾಡಿ ಕೇಳಿದಾಗ ಎಂಟರಲ್ಲಿ ಆರು ಮನೆಯವರು ಹೂಂ ಎಂದರು. ಎಲ್ಲರೂ ತಮ್ಮ ಮನೆಯಲ್ಲಿ ಮಾತ್ರ ಎಂದುಕೊಂಡಿದ್ದವರೇ. ಒಂದು ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿಯನ್ನು ಊರಿಂದ ತಂದು ನೀರಿಗೆ ಬೆರೆಸಿ ಸಂದಿಗೆ ಸುರಿಯುತ್ತಿದ್ದರು. ಸೀಸೆಯ ಮೇಲೆ ಡೈಕ್ಲೋರ್‌ವಾಸ್ ಎಂದಿತ್ತು. ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧವಾಗಿರುವ ವಿಷ ಅದು. ಎರಡು ವರ್ಷದ ಮಗು ಅದೇ ನೆಲದ ಮೇಲೆ ಆಡುತ್ತಿತ್ತು. ದಯವಿಟ್ಟು ಇದನ್ನು ಓದುವವರು ಯಾರೂ ಹೊಲದ ಔಷಧಿಯನ್ನು ಅಡಿಗೆಮನೆಗೆ ತರಬೇಡಿ.

ನಾವು ಒಂದು ಭಾನುವಾರ ಗೊತ್ತು ಮಾಡಿದೆವು. ವಿಷಯ ಹೇಳಿದಾಗ ಅವ್ವ ಫೋನಿನಲ್ಲಿ, "ಹಂಗಾದ್ರೆ ಹೊರಬೀಡು ಮಾಡ್ದಂಗೇ ಆಯ್ತು ಬಿಡು" ಎಂದಳು. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಹಳ್ಳಿಗಳಲ್ಲಿ ಹೊರಬೀಡು ಇನ್ನೂ ಉಳಿದಿದೆ. ರೋಗರುಜಿನ ಬಾರದಿರಲಿ, ಮಳೆ ಬರಲಿ ಅಂತ ಒಂದು ದಿನ ಇಡೀ ಊರು ಬೆಳಗಾಗುವ ಮೊದಲೇ ಮನೆಗಳಿಗೆ ಬೀಗ ಹಾಕಿ, ದನ, ಕುರಿ, ಕೋಳಿಗಳನ್ನೂ ಹೊಡೆದುಕೊಂಡು ಹೊಲಕ್ಕೆ, ತೋಪಿಗೆ ಹೋಗಿಬಿಡುತ್ತದೆ. ಊರಬಾಗಿಲಿಗೆ ಮುಳ್ಳು ಅಡ್ಡ ಬೀಳುತ್ತದೆ. ಅಡಿಗೆ, ಊಟ ಹೊರಗೇ. ಹೊತ್ತು ಮುಳುಗುವಾಗ ಪೂಜೆ ಮಾಡಿ ಒಟ್ಟಿಗೆ ಒಳಗೆ ಬರುತ್ತಾರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲಿನ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ಎಷ್ಟೋ ಊರುಗಳು ಹೀಗೆಯೇ ಮನೆ ಖಾಲಿ ಮಾಡಿ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಹೊರಬೀಡಿನ ದಿನ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಇಲ್ಲ ಎಂದು ಕೇಳುವುದಿಲ್ಲ. ಎಲ್ಲರ ಒಲೆಯೂ ಆರಿರುತ್ತದೆ.

ನಾವು ಮನೆ ಬಿಡಬೇಕಾಗಿರಲಿಲ್ಲ. ಜಿರಲೆ ಕಾಣಲಿಲ್ಲ ಎಂದ ಎರಡು ಮನೆಯವರೂ ಸೇರಿ ಎಂಟೂ ಅಡಿಗೆಮನೆಗಳನ್ನು ಅದೇ ದಿನ ಬರಿದು ಮಾಡಿದೆವು. ಸಜ್ಜೆಯ ಮೇಲಿನ ರಟ್ಟಿನ ಡಬ್ಬಗಳೆಲ್ಲ ಕೆಳಗಿಳಿದು ಆಚೆ ಹೋದವು. ರಟ್ಟಿನ ಪದರ ಇವುಗಳಿಗೆ ಗೂಡಿದ್ದಂತೆ. ಪೈಪು ಗೋಡೆ ಹೊಗುವಲ್ಲಿ ಉಳಿದಿದ್ದ ತೂತುಗಳಿಗೆ ವೈಟ್ ಸಿಮೆಂಟು ಮೆತ್ತಿದೆವು. ಪೆಸ್ಟ್ ಕಂಟ್ರೋಲ್‌ನ ಹುಡುಗ ಟ್ರಾಲಿಯ ಕೀಲು, ಫ್ರಿಜ್ಜಿನ ಹಿಂಬದಿ, ಸಿಂಕಿನ ಅಡಿ ಹುಡುಕಿ ಹುಡುಕಿ ಸಾಸಿವೆಗಿಂತ ತುಸು ದೊಡ್ಡದಾಗಿ ಜೆಲ್ ಚುಕ್ಕೆ ಇಟ್ಟ. ಇನ್ನು ಸ್ಪ್ರೇ ಮುಟ್ಟಕೂಡದು, ವಾಸನೆ ಬಂದರೆ ತಿನ್ನುವುದಿಲ್ಲ ಎಂದ. ಜೆಲ್ ತಿಂದ ಜಿರಲೆ ಅಲ್ಲೇ ಸಾಯದೆ ಗೂಡಿಗೆ ಹೋಗಿ ಸಾಯುತ್ತದೆ; ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಮರಿಗಳಿಗೆ ವಿಷ ಮುಟ್ಟುತ್ತದೆ. ರಾತ್ರಿ ಸಿಂಕನ್ನು ಒಣಬಟ್ಟೆಯಲ್ಲಿ ಒರೆಸುವ ಪಾಳಿ ಮಕ್ಕಳಿಗೆ ಬಂತು. ಚೀಲದೊಳಗೆ ಉಳಿದ ಮರಿಗಳು ಒಡೆದು ಬರುತ್ತವೆಂದು ಕೆಲವು ವಾರ ಬಿಟ್ಟು ಎಲ್ಲ ಮನೆಗೂ ಮತ್ತೆ ಇಡಿಸಿದೆವು. ಈಗ ಯಾರ ಮನೆಯಲ್ಲಾದರೂ ಒಂದು ಕಂಡರೆ ಮೆಟ್ಟಿಲ ಮೇಲೇ ಗಟ್ಟಿಯಾಗಿ ಹೇಳುತ್ತಾರೆ.

ಇನ್ನೊಂದು ಕೆಲಸ ಉಳಿದಿತ್ತು. ಜುಲೈಯಲ್ಲಿ ಮಗನನ್ನು ಕರೆದುಕೊಂಡು ಮತ್ತೆ ಡಾಕ್ಟರ ಹತ್ತಿರ ಹೋದೆ. ಅವರು ಎದೆಗೆ ಸ್ಟೆತೊಸ್ಕೋಪು ಇಟ್ಟು ನೋಡಿ, ಈಗ ರಾತ್ರಿ ಹೇಗೆ ಎಂದು ಕೇಳುವ ಮೊದಲೇ ನಾನು, "ಡಾಕ್ಟ್ರೇ, ಹಿಂದಿನ ಸಲ ಸುಳ್ಳು ಹೇಳಿದ್ದೆ. ಜಿರಲೆ ಇದ್ವು" ಎಂದೆ. ಅವರು ಕಾರ್ಡು ತಿರುವಿ, ಫೆಬ್ರವರಿಯ ಪುಟದಲ್ಲಿ ಒಂದು ಸಾಲು ಹೊಡೆದುಹಾಕಿ, ಪೆನ್ನನ್ನು ಹಾಗೇ ಹಿಡಿದುಕೊಂಡು ಕೇಳಿದರು.

"ಯಾವಾಗಿಂದ?"

"ಡಿಸೆಂಬರಿಂದ" ಎಂದೆ.