ಗುಂಡು ಹಾರಿಸದ ಕೋಟೆ

ಕೋಟೆ ಎಂದೊಡನೆ ಮುತ್ತಿಗೆ, ಕಾಳಗಗಳ ಕಥೆ ಕೇಳುವ ಆಸೆ ನಮಗೆ. ನ್ಯೂಯಾರ್ಕಿನಲ್ಲಿ, ಮ್ಯಾನ್‌ಹಟನ್ನಿನ ದಕ್ಷಿಣದ ತುದಿಯ ಬ್ಯಾಟರಿ ಪಾರ್ಕಿನೊಳಗಿರುವ ಕ್ಯಾಸಲ್ ಕ್ಲಿಂಟನ್‌ಗೆ ಅಂಥ ಕಥೆಯೇ ಇಲ್ಲ. ಬ್ರಿಟಿಷರ ಹಡಗುಗಳು ಬಂದಾವೆಂಬ ಅಂಜಿಕೆಯಲ್ಲಿ 1808ರಿಂದ 1811ರವರೆಗೆ ಕಟ್ಟಿದ ದುಂಡು ಕೋಟೆ ಅದು. ಎಂಟು ಅಡಿ ದಪ್ಪದ ಮರಳುಗಲ್ಲಿನ ಗೋಡೆ, ಅದರ ಕಂಡಿಗಳಲ್ಲಿ ನೀರಿನತ್ತ ಬಾಯ್ತೆರೆದ 28 ಫಿರಂಗಿ. 1812ರಲ್ಲಿ ಯುದ್ಧವೇನೋ ಬಂತು. ಆದರೆ ವೈರಿಯ ಮೇಲೆ ಒಂದು ಗುಂಡನ್ನೂ ಹಾರಿಸುವ ಸಂದರ್ಭ ಅದಕ್ಕೆ ಒದಗಲಿಲ್ಲ.

ಆಗ ಅದು ದಡದಾಚೆ ನೀರಿನ ನಡುವೆ ನಿಂತಿತ್ತು. ಮುಂದೆ ಮಣ್ಣು ತುಂಬುತ್ತಾ ತುಂಬುತ್ತಾ ದಡವೇ ಕೋಟೆಯ ಬಳಿಗೆ ಬಂತು. 1824ರಲ್ಲಿ ‘ಕ್ಯಾಸಲ್ ಗಾರ್ಡನ್’ ಎಂಬ ಹೆಸರಲ್ಲಿ ಊರವರ ವಿಹಾರದ ತಾಣವಾಯಿತು. 1850ರಲ್ಲಿ ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್ ಅಲ್ಲಿ ಹಾಡಿದರು.

1855ರಲ್ಲಿ ಕೋಟೆ ವಲಸಿಗರ ಠಾಣೆಯಾಯಿತು. 1890ರವರೆಗೆ ಸುಮಾರು 80 ಲಕ್ಷ ಜನ ಅದರ ಮೂಲಕ ಅಮೆರಿಕಕ್ಕೆ ಕಾಲಿಟ್ಟರು. ಅದಕ್ಕೂ ಮೊದಲು, ಹಡಗಿನಿಂದ ಇಳಿದವರಿಗೆ ಎದುರಾಗುತ್ತಿದ್ದವರು ಬಂದರಿನ ದಲ್ಲಾಳಿಗಳು. ಗಂಟುಮೂಟೆ ಹೊರುವ ನೆಪದಲ್ಲಿ ಕರೆದೊಯ್ದು, ಕಳ್ಳ ಟಿಕೆಟ್ ಮಾರಿ, ಬಾಡಿಗೆ ಕೋಣೆಗಳಲ್ಲಿ ಸುಲಿಯುತ್ತಿದ್ದರು. ಕೋಟೆಯ ಗೋಡೆ ಅವರನ್ನು ಹೊರಗೇ ನಿಲ್ಲಿಸಿತು. ಒಳಗೆ ಹೆಸರು ಬರೆಸಿ, ತಮ್ಮ ನಾಡಿನ ಹಣವನ್ನು ನ್ಯಾಯವಾದ ದರಕ್ಕೆ ಬದಲಿಸಿಕೊಂಡು, ರೈಲಿನ ಟಿಕೆಟ್ ಕೊಂಡು, ಮುಂದಿನ ದಾರಿ ಕೇಳಿಕೊಂಡು ಹೊರಡಬಹುದಿತ್ತು. ಊರನ್ನು ಹೊರಗಿನವರಿಂದ ಕಾಯಲೆಂದು ಎಬ್ಬಿಸಿದ ಗೋಡೆ, ಕಡೆಗೆ ಹೊರಗಿನವರನ್ನು ಊರಿನ ವಂಚಕರಿಂದ ಕಾಯಿತು.

ಆಮೇಲೆ 1896ರಿಂದ 1941ರವರೆಗೆ ಅಲ್ಲಿ ಮೀನುಗಳ ಪ್ರದರ್ಶನಾಲಯವಿತ್ತು. ಪಾರ್ಕುಗಳ ಅಧಿಕಾರಿ ರಾಬರ್ಟ್ ಮೋಸೆಸ್ ಇಡೀ ಕಟ್ಟಡವನ್ನೇ ಕೆಡವಲು ಹೊರಟಾಗ ಜನ ಅಡ್ಡ ನಿಂತರು. ಹಳೆಯ ಗೋಡೆ ಉಳಿಯಿತು. ಈಗ ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಹೋಗುವ ದೋಣಿಯ ಟಿಕೆಟ್ ಸಿಗುವುದು ಆ ಗೋಡೆಯೊಳಗೇ.

ನಾವೂ ಓದು, ಹುದ್ದೆ, ನಾಲ್ಕು ಜನರ ಪರಿಚಯ ಎಂದು ಬಲ ಕೂಡಿಸಿಕೊಳ್ಳುತ್ತಲೇ ಇರುತ್ತೇವೆ. ನಾಳೆ ಯಾರು ಮೇಲೆ ಬೀಳುತ್ತಾರೋ ಎಂಬ ಎಚ್ಚರ. ಆ ಯಾರೋ ಬಾರದೆಯೇ ಆಯುಷ್ಯ ಕಳೆಯಬಹುದು. ಆದರೆ ಕಚೇರಿಗೆ ಹೊಸದಾಗಿ ಸೇರಿ ಯಾರನ್ನು ಕೇಳಬೇಕೆಂದು ತಿಳಿಯದ ಹುಡುಗಿ, ಪಿಂಚಣಿಯ ಅರ್ಜಿ ಹಿಡಿದು ಏಜೆಂಟನ ಕೈಗೆ ಸಿಗಲಿರುವ ಮುದುಕ ಇವತ್ತೇ ಎದುರಿಗೆ ಬರುತ್ತಾರೆ. ಬಾರದ ವೈರಿಗೆಂದು ಕೂಡಿಟ್ಟ ಬಲದಲ್ಲಿ ಅವರಿಗೆ ಹತ್ತು ನಿಮಿಷ ಆಸರೆಯಾದರೆ, ಅದು ಕೂಡಿಟ್ಟದ್ದಕ್ಕೂ ಸಾರ್ಥಕ.